ನೀತಿವಂತರಿಗೆ ಕಷ್ಟವೇಕೆ ಎಂದು ಕೇಳುವವರಿಗೆ

‘ನಿಮ್ಮ ದೇವರು ನ್ಯಾಯವಂತನಾಗಿದ್ದರೆ ಒಳ್ಳೆಯವರಿಗೇ ಏಕೆ ಇಷ್ಟು ಕಷ್ಟ?’ ನಾನು ಬೈಬಲ್ ಪಾಠ ಹೇಳುವವನೆಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಪ್ರಶ್ನೆಯ ಬಗ್ಗೆ ನನ್ನ ತಕರಾರಿಲ್ಲ, ‘ನಿಮ್ಮ’ ಎಂಬ ಪದದ ಬಗ್ಗೆ ಇದೆ. ದೇವರಿಗೆ ನಾನೇ ಜಾಮೀನು ನಿಂತಿರುವಂತೆ, ಅವನು ವಾಯಿದೆಗೆ ಹಾಜರಾಗದಿದ್ದರೆ ದಂಡವನ್ನು ನಾನೇ ಕಟ್ಟಬೇಕೆಂಬಂತೆ ಕೇಳುತ್ತಾರೆ.

ಗ್ರಂಥ ಈ ಪ್ರಶ್ನೆಯನ್ನು ಬಚ್ಚಿಟ್ಟಿದೆ, ತಾವೇ ಅದನ್ನು ಹೊರಗೆಳೆದೆವು ಎಂಬ ಭಾವವೂ ಅವರ ಮುಖದಲ್ಲಿರುತ್ತದೆ. ಸರ್ವಲೋಕದ ನ್ಯಾಯಾಧಿಪತಿಯೇ ನ್ಯಾಯ ನಡೆಸಬಾರದೇ ಎಂದು ಪಾಪಕ್ಕಾಗಿ ದೇವರು ನಾಶಮಾಡಲಿದ್ದ ಸೊದೋಮ್ ಪಟ್ಟಣದ ವಿಷಯದಲ್ಲಿ ದೇವರ ಮುಖಕ್ಕೇ ಕೇಳಿದವನು ಅಬ್ರಹಾಮ; ಊರು ಉಳಿಯಲು ಅಲ್ಲಿರಬೇಕಾದ ನೀತಿವಂತರ ಸಂಖ್ಯೆ ಐವತ್ತರಿಂದ ಹತ್ತಕ್ಕೆ ಇಳಿಯುವವರೆಗೂ ಅವನು ಚೌಕಾಸಿ ಬಿಡಲಿಲ್ಲ. ದುಷ್ಟರ ಬಾಳು ಏಕೆ ಹಸನಾಗಿದೆ ಎಂದು ಪ್ರವಾದಿ ಯೆರೆಮೀಯ ವಾದಕ್ಕಿಳಿದ, ಎಷ್ಟು ಕಾಲ ಮೊರೆಯಿಡಲಿ ಎಂದು ಇನ್ನೊಬ್ಬ ಪ್ರವಾದಿ ಹಬಕ್ಕೂಕ ಕೂಗಿದ. ಇವರಾರೂ ನಾಸ್ತಿಕರಲ್ಲ.

ಆದರೂ ನಾನು ಈಚೆಗೆ ಬಾಯಿಮಾತಿನಲ್ಲಿ ಉತ್ತರಿಸುವುದನ್ನು ಬಿಟ್ಟಿರುವುದಕ್ಕೆ ಕಾರಣ ಬೇರೆ. ಮಗುವನ್ನು ಕಳೆದುಕೊಂಡ ಒಬ್ಬ ತಾಯಿ ಪುಟ್ಟ ಅಂಗಿಗಳನ್ನು ಒಂದೊಂದಾಗಿ ಮಡಚುತ್ತಾ ಇದೇ ಪ್ರಶ್ನೆ ಕೇಳಿದಾಗ, ನಾನು ಅರಸ ದಾವೀದನದೆಂದು ಹೇಳುವ ಬೈಬಲಿನ 37ನೆಯ ಕೀರ್ತನೆಯನ್ನು ಉದ್ಧರಿಸಿದೆ: ಯೌವನದಲ್ಲಿದ್ದೆ, ಈಗ ಮುದುಕನಾಗಿದ್ದೇನೆ, ನೀತಿವಂತನು ಕೈಬಿಡಲ್ಪಟ್ಟದ್ದನ್ನು ನಾನು ಕಾಣಲಿಲ್ಲ ಎಂಬ ಮಾತು. ಆಕೆ ತಲೆಯೆತ್ತದೆ, ‘ಹಾಗಾದರೆ ಅವರು ಈ ಮನೆಗೆ ಬಂದಿರಲಿಲ್ಲ’ ಎಂದರು. ಕೈಯಲ್ಲಿದ್ದ ಅಂಗಿಯ ಒಂದು ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿದರು.

ಬೈಬಲಿನ ಯೋಬನ ಪುಸ್ತಕದಲ್ಲಿ, ನೀತಿವಂತನಾದ ಯೋಬನನ್ನು ಪರೀಕ್ಷಿಸಲು ದೇವರು ಸೈತಾನನಿಗೆ ಒಪ್ಪಿಗೆ ಕೊಡುತ್ತಾನೆ; ಯೋಬ ತನ್ನ ಆಸ್ತಿಯನ್ನೂ ಮಕ್ಕಳನ್ನೂ ಕಳೆದುಕೊಳ್ಳುತ್ತಾನೆ. ಅವನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಮೌನವಾಗಿ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ, ನಿರಪರಾಧಿ ಎಂದಾದರೂ ನಾಶವಾದದ್ದುಂಟೇ ಎಂದು ಎಲೀಫಜ ಕೇಳಿದ. ನಿನ್ನ ಮಕ್ಕಳು ಪಾಪ ಮಾಡಿದ್ದರೆ ಅದರ ಫಲ ಉಂಡರು ಎಂಬರ್ಥದ ಮಾತನ್ನು ಬಿಲ್ದದ, ಹೆತ್ತ ತಂದೆಯ ಎದುರಿಗೇ, ಆಡಿದ. ಇಷ್ಟಾದ ಮೇಲೂ ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ದೂರಿದ ಯೋಬನ ಮೇಲಲ್ಲ, ತನ್ನ ಪರ ವಾದಿಸಿದ ಈ ವಕೀಲರ ಮೇಲೆ; ನೀವು ನನ್ನ ವಿಷಯದಲ್ಲಿ ಯೋಬನಂತೆ ಸರಿಯಾದದ್ದನ್ನು ಆಡಲಿಲ್ಲ ಎನ್ನುತ್ತಾನೆ. ಆ ಮನೆಯಲ್ಲಿ ನಾನು ಯಾರಾಗಿದ್ದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನನ್ನ ಉತ್ತರ ಇಷ್ಟೇ: ಗ್ರಂಥ ಹೇಳುವ ದೇವರ ನಂಬಿಗಸ್ತಿಕೆಯೆಂದರೆ ನೀತಿವಂತನಿಗೆ ಏಟು ಬೀಳುವುದಿಲ್ಲವೆಂದಲ್ಲ, ಏಟು ತಿಂದವನು ಕೂಗಿದ ಕೂಗನ್ನು ಅಪರಾಧವೆಂದು ಬರೆದುಕೊಳ್ಳುವುದಿಲ್ಲವೆಂದು. ವಿವರಣೆಯಂತೂ ಸಿಗುವುದಿಲ್ಲ. ಬಿರುಗಾಳಿಯೊಳಗಿಂದ ನಾಲ್ಕು ಅಧ್ಯಾಯ ಮಾತನಾಡುವ ದೇವರು ಕಾಡುಕತ್ತೆಯ ಬಗ್ಗೆ, ಉಷ್ಟ್ರಪಕ್ಷಿಯ ಬಗ್ಗೆ ಕೇಳುತ್ತಾನೆಯೇ ಹೊರತು, ಸೈತಾನನೊಂದಿಗೆ ನಡೆದ ಮಾತುಕತೆಯನ್ನು ಯೋಬನಿಗೆ ಕೊನೆಗೂ ತಿಳಿಸುವುದಿಲ್ಲ. ಇದು ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ.

ನಾನು ಕಾಯುತ್ತಿರುವ ಪ್ರಶ್ನೆ ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ. ಯೋಬನ 7,000 ಕುರಿಗಳು ಕೊನೆಯಲ್ಲಿ 14,000 ಆದವು, 3,000 ಒಂಟೆಗಳು 6,000 ಆದವು; ಮಕ್ಕಳು ಮಾತ್ರ ಮೊದಲಿನಂತೆ ಏಳು ಗಂಡು, ಮೂರು ಹೆಣ್ಣು. ಏಕೆ ಎರಡರಷ್ಟಾಗಲಿಲ್ಲ? ಸತ್ತವರೂ ದೇವರ ಬಳಿ ಇದ್ದಾರೆ, ಆದ್ದರಿಂದ ಲೆಕ್ಕ ಸರಿಹೋಯಿತು ಎಂಬ ಜಾಣ ಉತ್ತರವೊಂದಿದೆ. ನನಗೆ ಅದರಲ್ಲಿ ಬಿಲ್ದದನ ದನಿಯೇ ಕೇಳಿಸುತ್ತದೆ. ಕುರಿಯ ಬದಲು ಕುರಿ ಕೊಡಬಹುದು, ಮಗುವಿನ ಬದಲು ಮಗುವನ್ನು ಕೊಟ್ಟು ಲೆಕ್ಕ ಚುಕ್ತಾ ಮಾಡಲಾಗದೆಂದು ಬರೆದವನಿಗೆ ಗೊತ್ತಿತ್ತೆಂದೇ ನಾನು ಓದುತ್ತೇನೆ. ಆಮೇಲೆ ಹುಟ್ಟಿದ ಮೂವರು ಹೆಣ್ಣುಮಕ್ಕಳಿಗೆ ಯೆಮೀಮ, ಕೆಚೀಯ, ಕೆರೆನ್ಹಪ್ಪೂಕ್ ಎಂಬ ಹೆಸರುಗಳಿವೆ, ಅಣ್ಣತಮ್ಮಂದಿರ ಜೊತೆ ಆಸ್ತಿಯಲ್ಲಿ ಪಾಲೂ ಇದೆ. ಮನೆ ಕುಸಿದು ಸತ್ತ ಮೊದಲ ಹತ್ತು ಮಂದಿಯ ಹೆಸರು ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಅಂದು ಆ ತಾಯಿಯನ್ನು ನಾನೂ ಮಗುವಿನ ಹೆಸರು ಕೇಳಲಿಲ್ಲ.