ಡ್ರೈ ಐಸ್ ಹಾಕಿ ಕಾರಿನ ಡಾಮರು ಶೀಟು ತೆಗೆಯುವಾಗ: ತಗಡಿನ ಬೆವರಿನ ಲೆಕ್ಕ ಮೊದಲು

ಸೀಟು, ಕಾರ್ಪೆಟ್ಟು ಎಲ್ಲ ಬಿಚ್ಚಿದ ಮೇಲೆ ಕಾರಿನ ಫ್ಲೋರಿಗೆ ಅಂಟಿಕೊಂಡಿರುವ ಕಪ್ಪು ಹಾಳೆಗೆ ನಮ್ಮ ಗ್ಯಾರೇಜುಗಳಲ್ಲಿ ಡಾಮರು ಶೀಟು ಎಂದೇ ಹೆಸರು. ಕಂಪನಿಯಲ್ಲಿ ಬಾಡಿ ಓವನ್ನಿಗೆ ಹೋಗುವಾಗ ಬಿಸಿಗೆ ಮೆತ್ತಗಾಗಿ ತಗಡಿನ ಏರುತಗ್ಗಿಗೆಲ್ಲ ಕೂತುಬಿಡುವ ಮಾಲು ಅದು. ತಗಡು ಡೋಲಿನ ಹಾಗೆ ಗುಂಯ್‌ಗುಡದಂತೆ ಕಂಪನ ಹೀರುವುದಷ್ಟೇ ಅದರ ಕೆಲಸ. ಕೀಳಬೇಕಾಗುವುದು ಹೆಚ್ಚಾಗಿ ಎರಡು ಸಂದರ್ಭದಲ್ಲಿ. ಅಡಿಯಲ್ಲಿ ತುಕ್ಕು ಹಿಡಿದು ಪ್ಯಾಚ್ ವೆಲ್ಡಿಂಗ್ ಮಾಡಲಿಕ್ಕಿದ್ದರೆ ಒಂದು. ಮಳೆಗಾಲದಲ್ಲಿ ನೀರು ಒಳಗೆ ನುಗ್ಗಿ ಶೀಟಿನ ಅಂಚು ಎದ್ದು ಕೆಸರು ಸೇರಿಕೊಂಡಿದ್ದರೆ ಇನ್ನೊಂದು. ಕಾಸರಗೋಡಿನ ಕಡಲಬದಿಯ ಕಾರುಗಳಿಗೆ ಮೊದಲನೆಯದು, ಪಯಸ್ವಿನಿ, ಶಿರಿಯ ಹೊಳೆಬದಿಯವಕ್ಕೆ ಎರಡನೆಯದು. ತೂಕ ಇಳಿದು ಮೈಲೇಜ್ ಏರುತ್ತದೆಂದು ಕೀಳಿಸಲು ಬರುವವರಿಗೆ ಬೇಡ ಎನ್ನುವುದೇ ಸರಿ. ಹೋಗುವುದು ಕೆಲವೇ ಕಿಲೊ, ಆಮೇಲೆ ರಸ್ತೆಯ ಸದ್ದೆಲ್ಲ ಕಾರಿನೊಳಗೆ.

ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ಹಾಕಿ ಶೀಟನ್ನು ತಣಿಸಿ ಒಡೆದು ತೆಗೆಯುವುದು ಇಲ್ಲಿಯ ಉಪಾಯ. ಐಸು ತರಿಸುವ ಮೊದಲು ಶೀಟು ಯಾವ ಜಾತಿಯದೆಂದು ನೋಡಿ. ಸ್ಕ್ರೂಡ್ರೈವರಿನ ತುದಿಯಿಂದ ಒಂದು ಮೂಲೆ ಎಬ್ಬಿಸಿ. ಗಟ್ಟಿಯಾಗಿದ್ದು, ಬಗ್ಗಿಸಿದರೆ ಬಿರುಕು ಬಿಟ್ಟು, ಮೂಗಿಗೆ ಹಿಡಿದರೆ ರಸ್ತೆ ಡಾಮರಿನ ವಾಸನೆ ಬಂದರೆ ಡ್ರೈ ಐಸಿಗೆ ಹೇಳಿ ಮಾಡಿಸಿದ್ದು. ಮೇಲೆ ಅಲ್ಯುಮಿನಿಯಂ ಹಾಳೆ ಇದ್ದು, ಅಡಿಯಲ್ಲಿ ಚ್ಯೂಯಿಂಗ್ ಗಮ್ಮಿನಂತೆ ಎಳೆ ಎಳೆಯಾಗಿ ಬಂದರೆ ಅದು ಆಮೇಲೆ ಹಾಕಿಸಿದ ಬ್ಯುಟೈಲ್ (ಒಂದು ಬಗೆಯ ರಬ್ಬರ್) ಶೀಟು. ಇದರ ಮೇಲೆ ಡ್ರೈ ಐಸ್ ಸುರಿಯುವುದು ದುಡ್ಡು ದಂಡ. ಬ್ಯುಟೈಲ್ ಗಾಜಿನಂತಾಗಲು ಸೊನ್ನೆಗಿಂತ 65 ಡಿಗ್ರಿಯಷ್ಟು ಕೆಳಗಿಳಿಯಬೇಕು; ಡ್ರೈ ಐಸ್ ಇರುವುದೇ ಸೊನ್ನೆಗಿಂತ 78.5 ಡಿಗ್ರಿ ಕೆಳಗೆ. ಐಸು ಸರಿಸಿ ಸುತ್ತಿಗೆ ಎತ್ತುವಷ್ಟರಲ್ಲಿ ಅದು ಮತ್ತೆ ಮೆತ್ತಗೆ. ಅದಕ್ಕೆ ಹಾಟ್ ಏರ್ ಗನ್ನೇ ಮದ್ದು. ಹೊಸ ಕಾರು ಕೆಲವದರಲ್ಲಿ ಶೀಟೇ ಇಲ್ಲ, ಪೇಂಟಿನ ಹಾಗೆ ಸ್ಪ್ರೇ ಹೊಡೆದಿರುತ್ತಾರೆ. ಅದು ಐಸಿಗೂ ಸುಲಭವಾಗಿ ಜಗ್ಗುವುದಿಲ್ಲ, ವೆಲ್ಡಿಂಗ್ ಇರುವಲ್ಲಿ ಮಾತ್ರ ಕೆರೆದು ಉಳಿದದ್ದನ್ನು ಹಾಗೇ ಬಿಡಿ.

ಡಾಮರಿನಲ್ಲಿ ಇದು ನಡೆಯಲು ಕಾರಣ ಎರಡು. 30-40 ಡಿಗ್ರಿ ಮೈನಸ್ಸಿಗೆ ಹೋದ ಡಾಮರು ಬಗ್ಗುವುದಿಲ್ಲ, ಒಡೆಯುತ್ತದೆ. ಜತೆಗೆ ತಣಿಯುವಾಗ ಅದು ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಕುಗ್ಗುತ್ತದೆ. ಕೆಳಗಿನ ತಗಡು ಅಷ್ಟು ಕುಗ್ಗದೆ ನಿಂತಿರುವಾಗ ಮೇಲಿನ ಹಾಳೆ ಎಳೆದುಕೊಂಡು ಅಂಟು ತಾನೇ ಬಿಡುತ್ತದೆ. ಸುತ್ತಿಗೆಯ ಏಟು ಬರೀ ನೆಪ. "ಬಂದರಿನ ಮೀನಿನ ಐಸಿಗೆ ಉಪ್ಪು ಹಾಕಿದರೆ ಆಗದಾ ಮಾರಾಯ್ರೇ?" ಎಂದು ಕೇಳುವವರಿದ್ದಾರೆ. ಉಪ್ಪು ಬೆರೆಸಿದ ಐಸು ಎಷ್ಟು ಮಾಡಿದರೂ ಮೈನಸ್ 21ಕ್ಕಿಂತ ಕೆಳಗೆ ಹೋಗದು. ಮೇಲಾಗಿ ತುಕ್ಕು ತೆಗೆಯಲು ಬಿಚ್ಚಿದ ತಗಡಿಗೆ ಉಪ್ಪುನೀರು ಕುಡಿಸಿದ ಹಾಗೆ ಆಗುತ್ತದೆ.

ಎಷ್ಟು ಬೇಕು? ಒಂದು ಚದರ ಮೀಟರ್ ತಗಡು, ಅದರ ಮೇಲಿನ ಎರಡೂವರೆ ಮಿಲಿಮೀಟರ್ ಡಾಮರು, ಎರಡನ್ನೂ ನೂರು ಡಿಗ್ರಿ ಇಳಿಸಲು ಲೆಕ್ಕದ ಪ್ರಕಾರ ಒಂದೂಕಾಲು ಕಿಲೊ ಡ್ರೈ ಐಸ್ ಸಾಕು. ಗಾಳಿಗೆ ಹೋಗುವುದು, ಚೆಲ್ಲುವುದು ಸೇರಿ ಕೈಗೆ ಬರುವಾಗ ಮೂರ್ನಾಲ್ಕು ಕಿಲೊ. ಸಣ್ಣ ಹ್ಯಾಚ್‌ಬ್ಯಾಕಿನ ಇಡೀ ಫ್ಲೋರಿಗೆ 10 ಕಿಲೊ ತಂದರೆ ಕೊರತೆಯಾಗದು. ಸ್ಲ್ಯಾಬ್ ಬೇಡ, ಕಾಳಿನ ರೂಪದ್ದೇ ಕೇಳಿ. ಸ್ಲ್ಯಾಬೇ ಸಿಕ್ಕಿದರೆ ಗೋಣಿಯೊಳಗೆ ಹಾಕಿ ಕಲ್ಲುಪ್ಪಿನಷ್ಟು ದಪ್ಪಕ್ಕೆ ಕುಟ್ಟಿ. ಇಡೀ ಗಡ್ಡೆ ಇಟ್ಟರೆ ಫ್ಲೋರಿನ ಏರುಗಳಿಗೆ ಮೂರು ಕಡೆ ತಾಗಿ ಕೂರುತ್ತದೆ, ಉಳಿದಲ್ಲೆಲ್ಲ ನಡುವೆ ಗ್ಯಾಸು. ತಾಗದ ಜಾಗ ತಣಿಯುವುದಿಲ್ಲ.

ಮಂಗಳೂರಿನಿಂದ ಕಾಸರಗೋಡಿಗೆ ತರುವುದಾದರೆ ತಲಪಾಡಿ ದಾಟಿ ಸುಮಾರು 50 ಕಿಲೋಮೀಟರ್. ಮೀನಿನವರ ಥರ್ಮೋಕೋಲ್ ಪೆಟ್ಟಿಗೆ ತೊಳೆದು ಒಣಗಿಸಿದ್ದು ಇದಕ್ಕೆ ಚೆನ್ನಾಗಿ ಆಗುತ್ತದೆ. ಮುಚ್ಚಳಕ್ಕೆ ಮಾತ್ರ ಟೇಪ್ ಸುತ್ತಬೇಡಿ. ಒಂದು ಕಿಲೊ ಡ್ರೈ ಐಸ್ ಆವಿಯಾದರೆ 540 ಲೀಟರಿನಷ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಗಾಳಿ ಹೋಗದ ಕ್ಯಾನಿನಲ್ಲೋ ಫ್ಲಾಸ್ಕಿನಲ್ಲೋ ತುಂಬಿದರೆ ಅದು ಒಡೆದೇ ಒಡೆಯುತ್ತದೆ. ಪೆಟ್ಟಿಗೆಯಲ್ಲಿಟ್ಟರೂ ದಿನಕ್ಕೆ ಎರಡರಿಂದ ನಾಲ್ಕು ಕಿಲೊ ಹೋಗುತ್ತದೆ. ಹಾಗಾಗಿ ಇವತ್ತು ತಂದು ನಾಡಿದ್ದು ಕೆಲಸ ಎಂದಿಟ್ಟುಕೊಳ್ಳಬೇಡಿ. ದಿನಕ್ಕೆ ಮೂರು ಕಿಲೊ ಲೆಕ್ಕದಲ್ಲಿ ಗಂಟೆಗೆ 125 ಗ್ರಾಂ, ಅಂದರೆ 68 ಲೀಟರ್ ಗ್ಯಾಸು. ಕಾರಿನ ಒಳಗಿರುವ ಗಾಳಿ ಮೂರು ಸಾವಿರ ಲೀಟರ್ ಎಂದಿಟ್ಟುಕೊಂಡರೂ ಗ್ಲಾಸು ಏರಿಸಿ, ಎಸಿಯನ್ನು ಒಳಗಾಳಿಗೆ ಇಟ್ಟು ಒಂದು ಗಂಟೆ ಬಂದರೆ ನೂರಕ್ಕೆ ಎರಡು ಪಾಲು ದಾಟುತ್ತದೆ. ಎಂಟು ಗಂಟೆಯ ಕೆಲಸಕ್ಕೆ ಇಟ್ಟಿರುವ ಮಿತಿ ನೂರಕ್ಕೆ ಅರ್ಧ ಪಾಲು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ತಲೆ ಭಾರವಾಗಿ ಉಸಿರು ಏರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಗ್ಲಾಸು ಇಳಿಸಿಯೇ ಬನ್ನಿ, ಪಿಕಪ್ಪಿನ ಹಿಂದೆ ಹಾಕಿದರೆ ಇನ್ನೂ ಒಳ್ಳೆಯದು.

ಇದೇ ಗ್ಯಾಸು ಗ್ಯಾರೇಜಿನಲ್ಲೂ ಕಾಡುತ್ತದೆ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ಆದ್ದರಿಂದ ಕಾಲಿಡುವ ತಗ್ಗಿನಲ್ಲಿ ನೀರಿನಂತೆ ತುಂಬಿಕೊಳ್ಳುತ್ತದೆ. ಕೆಲಸ ಮಾಡುವವನ ಮೂಗು ಇರುವುದೂ ಅಲ್ಲೇ. ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿಡಿ. ಒಂದು ಪೆಡೆಸ್ಟಲ್ ಫ್ಯಾನಿನ ಕುತ್ತಿಗೆ ತಗ್ಗಿಸಿ ಈ ಬಾಗಿಲಿನಿಂದ ಆ ಬಾಗಿಲಿಗೆ ಗಾಳಿ ಹಾಯಿಸಿ. ಪಿಟ್ (ಕಾರಿನಡಿ ಇಳಿದು ಕೆಲಸ ಮಾಡುವ ಗುಂಡಿ) ಇರುವಲ್ಲಿ ಈ ಕೆಲಸ ಬೇಡವೇ ಬೇಡ, ಕಾರಿನಿಂದ ಸುರಿದ ಗ್ಯಾಸೆಲ್ಲ ಪಿಟ್ಟಿಗೆ ಇಳಿದು ನಿಲ್ಲುತ್ತದೆ. ಆ ಹೊತ್ತಿಗೆ ಯಾರಾದರೂ ಸ್ಪ್ಯಾನರ್ ತೆಗೆಯಲೆಂದು ಪಿಟ್ಟಿಗಿಳಿದರೆ ಮೇಲಿನವನಿಗೆ ಗೊತ್ತೂ ಆಗದು. ಅಂಗಳದಲ್ಲಿ, ನೆರಳಿನಲ್ಲಿ, ನೆಲದ ಮೇಲೆ ಮಾಡಿ. ಅಡಿಗೆ ಯಾರೂ ಮಲಗಿರಬಾರದು.

ಸೀಟು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಆ ಕಾರಿನ ಮ್ಯಾನುವಲ್ ಹೇಳಿದಷ್ಟು ಹೊತ್ತು ಕಾಯಬೇಕು. ಮ್ಯಾನುವಲ್ ಕೈಯಲ್ಲಿಲ್ಲದಿದ್ದರೆ 10 ನಿಮಿಷಕ್ಕೆ ಕಡಿಮೆ ಬೇಡ. ಸೀಟಿನಡಿಯ ಹಳದಿ ಸಾಕೆಟ್ ಏರ್‌ಬ್ಯಾಗ್ ಮತ್ತು ಸೀಟ್ ಬೆಲ್ಟ್ ಬಿಗಿ ಎಳೆಯುವ ಪ್ರಿಟೆನ್ಷನರಿನದ್ದು. ಅದನ್ನು ಕಳಚಿಟ್ಟು ಇಗ್ನಿಷನ್ ತಿರುಗಿಸಿದರೆ ವಾರ್ನಿಂಗ್ ಲೈಟ್ ಬಂದು ಕೂರುತ್ತದೆ, ಆಮೇಲೆ ಸ್ಕ್ಯಾನರ್ ಹಾಕಿಯೇ ಅಳಿಸಬೇಕಾದೀತು. ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ಯೂನಿಟ್ ಇರುವುದು ಗೇರ್ ಲಿವರಿನ ಹತ್ತಿರ ನಡುಗುಬ್ಬದ ಮೇಲೆ. ಅದರ ಸುತ್ತ ಸುತ್ತಿಗೆ ಆಡಿಸಬೇಡಿ. ವಯರಿಂಗ್ ಕಟ್ಟನ್ನು ಕ್ಲಿಪ್ಪಿನಿಂದ ಬಿಡಿಸಿ ಮೇಲಕ್ಕೆ ಕಟ್ಟಿ. ಪಿವಿಸಿ ಹೊದಿಕೆಯ ವಯರ್ ಈ ಚಳಿಯಲ್ಲಿ ಬಗ್ಗಿಸಿದರೆ ಸೀಳುತ್ತದೆ, ಸೀಳಿದ್ದು ಕಣ್ಣಿಗೆ ಬೀಳುವುದು ಆರು ತಿಂಗಳ ನಂತರ ಫ್ಯೂಸ್ ಹೋದಾಗ. ಫ್ಲೋರಿನ ರಬ್ಬರ್ ಬಿರಡೆಗಳನ್ನೂ ಮೊದಲೇ ತೆಗೆದಿಡಿ, ನೀರು ಇಳಿಯಲಿಕ್ಕೂ ದಾರಿಯಾಗುತ್ತದೆ.

ಕೈಗೆ ದಪ್ಪ ಚರ್ಮದ, ಒಣಗಿದ ಗ್ಲೌಸ್. ತೆಳು ರಬ್ಬರ್ ಗ್ಲೌಸ್ ಇದ್ದೂ ಇಲ್ಲದಂತೆ, ಒದ್ದೆ ಬಟ್ಟೆಯದ್ದಂತೂ ಚರ್ಮಕ್ಕೆ ಅಂಟಿ ಇನ್ನೂ ಕಷ್ಟ. ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು, ಡಾಮರಿನ ಚೂರು ಹಾರುವುದು ಮುಖಕ್ಕೇ.

ಇನ್ನು ಕೆಲಸ. ಇಡೀ ಫ್ಲೋರಿಗೆ ಒಮ್ಮೆಲೇ ಹರಡುವುದು ಹೊಸಬರ ಅವಸರ. ಎರಡು ಗೇಣು ಉದ್ದ, ಎರಡು ಗೇಣು ಅಗಲದ ಜಾಗ ಸಾಕು. ಒಂದಿಂಚು ದಪ್ಪಕ್ಕೆ ಹರಡಿ ಮೇಲೆ ಒಣ ಗೋಣಿ ಮುಚ್ಚಿ. ಎರಡು ನಿಮಿಷಕ್ಕೊಮ್ಮೆ ಮರದ ಸಟ್ಟುಗದಿಂದ ಕದಡಿ, ಇಲ್ಲದಿದ್ದರೆ ಕಾಳಿನ ಅಡಿಯಲ್ಲಿ ಗ್ಯಾಸು ಹಾಸಿಗೆಯಂತೆ ನಿಂತು ಚಳಿ ಇಳಿಯುವುದಿಲ್ಲ. ಐದಾರು ನಿಮಿಷಕ್ಕೆ ಒಣಗಿದ ತೆಂಗಿನ ಗರಿ ಮೆಟ್ಟಿದಂತೆ ಚಟಚಟ ಸದ್ದು ಶುರುವಾಗುತ್ತದೆ. ಅದು ಶೀಟು ತಗಡು ಬಿಡುವ ಸದ್ದು. ಮೊದಲ ಚಟಕ್ಕೇ ಸುತ್ತಿಗೆ ಎತ್ತಬೇಡಿ, ಇನ್ನೂ ಮೂರ್ನಾಲ್ಕು ನಿಮಿಷ ಬಿಡಿ. ಆಮೇಲೆ ಐಸನ್ನು ಪಕ್ಕದ ಜಾಗಕ್ಕೆ ಸರಿಸಿ (ಅಲ್ಲಿ ಅದು ಕೆಲಸ ಶುರುಮಾಡಿರುತ್ತದೆ), ರಬ್ಬರ್ ಸುತ್ತಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ಬಡಿಯಿರಿ. ಸರಿಯಾಗಿ ತಣಿದದ್ದು ಹಂಚು ಒಡೆದಂತೆ ಅಂಗೈಯಗಲದ ತುಂಡುಗಳಾಗಿ ಏಳುತ್ತದೆ, ಅಡಿಯಲ್ಲಿ ಕಂಪನಿ ಪೇಂಟು ಹೊಳೆಯುತ್ತಿರುತ್ತದೆ. ಸುತ್ತಿಗೆ ಡಬ್ ಡಬ್ ಎಂದು ಸತ್ತ ಸದ್ದು ಕೊಟ್ಟರೆ ತಣಿದಿಲ್ಲ ಎಂದರ್ಥ. ಜೋರಾಗಿ ಹೊಡೆದು ಪ್ರಯೋಜನವಿಲ್ಲ, ಮಿಲಿಮೀಟರಿಗಿಂತ ತೆಳುವಾದ ತಗಡು ಕುಳಿಬೀಳುತ್ತದೆ ಅಷ್ಟೇ. ಮತ್ತೆ ಐಸು ಹಾಕಿ.

ಎದ್ದ ಚೂರುಗಳನ್ನು ಅಲ್ಲಿಂದಲ್ಲೇ ಕೈಯಿಂದ ಎತ್ತಿ ಚೀಲಕ್ಕೆ ತುಂಬಿ. ಚಾ ಕುಡಿದು ಬರುವ ಎಂದು ಹೋದರೆ ಅಷ್ಟರಲ್ಲಿ ಅವು ಬಿಸಿಯಾಗಿ ಮೆತ್ತಗಾಗಿ, ಬಿಸಿಲಿನ ದಿನವಾದರೆ ಮತ್ತೆ ಫ್ಲೋರಿಗೆ, ಚಪ್ಪಲಿಯ ಅಡಿಗೆ ಅಂಟುತ್ತವೆ.

ನಡುಗುಬ್ಬದ ಇಳಿಜಾರಿನಲ್ಲಿ, ಪೆಡಲಿನ ಹಿಂದಿನ ಗೋಡೆಯಲ್ಲಿ ಕಾಳು ನಿಲ್ಲುವುದಿಲ್ಲ. ಹಳೆಯ ತಲೆದಿಂಬಿನ ಕವರಿಗೆ ಎರಡು ಕಿಲೊ ಪುಡಿ ತುಂಬಿ ಒತ್ತಿ ಹಿಡಿಯುವುದು ಸರಳ ಉಪಾಯ, ಹೊತ್ತು ಮಾತ್ರ ಎರಡರಷ್ಟು. ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ಗಂಜಿಯಂತೆ ಮಾಡಿ ಮೆತ್ತುವವರೂ ಇದ್ದಾರೆ. ಚಳಿ ಬೇಗ ಇಳಿಯುವುದು ನಿಜ. ಆದರೆ ಆ ಗಂಜಿ ಗ್ಲೌಸಿನ ಹೊಲಿಗೆಯಲ್ಲಿ ಇಳಿದರೆ ಕಾಳಿಗಿಂತ ಕೆಟ್ಟದಾಗಿ ಸುಡುತ್ತದೆ, ಬಿಸಿಯೇರಿದ ಮೇಲೆ ಅದರ ಆವಿ ಬೆಂಕಿ ಹಿಡಿಯುವಂಥದ್ದು. ಪಕ್ಕದ ಬೇಯಲ್ಲಿ ಗ್ರೈಂಡರ್ ಓಡುವ ಗ್ಯಾರೇಜಿನಲ್ಲಿ ಅದು ಬೇಡ ಎನ್ನುವುದೇ ನನ್ನ ಅಭಿಪ್ರಾಯ.

ಡಾಮರು ಎದ್ದಿತು ಎನ್ನುವಲ್ಲಿಗೆ ಅರ್ಧ ಕೆಲಸ.  ನಮ್ಮ ಕರಾವಳಿಯಲ್ಲಿ ಮಳೆಗಾಲದ ಗಾಳಿಯ ತೇವ 25 ಡಿಗ್ರಿಗೇ ನೀರಾಗುತ್ತದೆ. ಐಸು ಸರಿಸಿದ ತಗಡಿನ ಮೇಲೆ ಮೊದಲು ಬಿಳಿ ಮಂಜು, ಐದು ನಿಮಿಷಕ್ಕೆ ಹನಿ, ಹತ್ತು ನಿಮಿಷಕ್ಕೆ ಏರುಗಳ ನಡುವೆ ಸಣ್ಣ ಹೊಳೆ. ಮೇಲೆ ಮಾತ್ರವಲ್ಲ, ತಗಡಿನ ಅಡಿಬದಿಯೂ ಬೆವರುತ್ತದೆ, ಡಬಲ್ ತಗಡಿನ ಸಂದಿಯ ಒಳಗೂ ಬೆವರುತ್ತದೆ. ಪೇಂಟ್ ಎದ್ದುಹೋದ ಬರಿ ತಗಡಿನಲ್ಲಿ ಆ ನೀರು ಸಂಜೆಯವರೆಗೆ ನಿಂತರೆ ಬೆಳಿಗ್ಗೆ ಕೇಸರಿ ಬಣ್ಣ. ತುಕ್ಕು ತೆಗೆಯಲು ಬಂದ ಕಾರಿಗೆ ಹೊಸ ತುಕ್ಕು ಹಚ್ಚಿ ಕೊಟ್ಟಂತೆ. ಆಟಿಯಲ್ಲಿ (ಜುಲೈ-ಆಗಸ್ಟಿನ ಮಳೆ ತಿಂಗಳು) ಬೇಡ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಇಟ್ಟುಕೊಳ್ಳಿ. ಆಗಲೂ ಬೆವರುತ್ತದೆ, ಆದರೆ ಬೇಗ ಆರುತ್ತದೆ. ಒಂದೊಂದು ತುಂಡು ಜಾಗ ಮುಗಿದಂತೆ ಒರೆಸುತ್ತಾ ಹೋಗಿ. ಎಲ್ಲ ಮುಗಿದ ಮೇಲೆ ಸಂದಿಗಳಿಗೆ ಕಂಪ್ರೆಸರಿನ ಗಾಳಿ ಊದಿ, ಹಾಟ್ ಏರ್ ಗನ್ನಿನಿಂದ ಕೈಗೆ ಬೆಚ್ಚಗೆ ತಾಗುವವರೆಗೆ ಕಾಯಿಸಿ. ಕಂಪ್ರೆಸರಿನ ಟ್ಯಾಂಕಿನ ನೀರು ಮೊದಲು ಬಿಟ್ಟಿರಬೇಕು, ಇಲ್ಲದಿದ್ದರೆ ಒರೆಸಿದ ಕಡೆ ನೀವೇ ನೀರು ಚಿಮುಕಿಸಿದಂತೆ. ಪ್ರೈಮರ್ ಹೊಡೆಯುವಾಗ ತಗಡಿನ ಬಿಸಿ ಗಾಳಿಯ ಡ್ಯೂ ಪಾಯಿಂಟಿಗಿಂತ (ತೇವ ನೀರಾಗುವ ಡಿಗ್ರಿಗಿಂತ) ಕನಿಷ್ಠ 3 ಡಿಗ್ರಿ ಮೇಲಿರಬೇಕು ಎನ್ನುವುದು ಪೇಂಟಿಂಗಿನ ಹಳೆಯ ನಿಯಮ.

ಉಳಿದ ಕಪ್ಪು ಕಲೆಗೆ ಸೀಮೆಎಣ್ಣೆ ಅಥವಾ ಟರ್ಪೆಂಟೈನ್ ಬಟ್ಟೆ. ಸೀಮೆಎಣ್ಣೆಯ ಜಿಡ್ಡು ಉಳಿದರೆ ಪ್ರೈಮರ್ ಹಿಡಿಯದು, ಕೊನೆಗೊಮ್ಮೆ ಡಿಗ್ರೀಸರ್ ಬೇಕು. ತಗಡು ತಗಡು ಕೂಡುವಲ್ಲಿ ಇರುವ ಬೂದು ಬಣ್ಣದ ಸೀಲರನ್ನು ಡಾಮರೆಂದು ಕೆರೆಯಬೇಡಿ. ಚಳಿಗೆ ಅದೂ ಕೂದಲೆಳೆಯಷ್ಟು ಬಿರಿದಿರಬಹುದು, ಟಾರ್ಚ್ ಹಿಡಿದು ಉದ್ದಕ್ಕೂ ನೋಡಿ. ಬಿರಿದಲ್ಲಿ ಹಳೆಯದನ್ನು ತೆಗೆದು ಪಿಯು (ಪಾಲಿಯುರೆಥೇನ್) ಸೀಲರ್ ಎಳೆಯಿರಿ.

ಕಾರ್ಪೆಟ್ಟನ್ನು ಅದೇ ದಿನ ಹಾಸಬೇಡಿ. ಬಿರಡೆ ಹಾಕಿ, ಫ್ಲೋರಿನ ಮೇಲೆ ಹಳೆಯ ಪೇಪರ್ ಹರಡಿ ಒಂದು ರಾತ್ರಿ ಬಿಟ್ಟು ನೋಡಿ. ಬೆಳಿಗ್ಗೆ ಪೇಪರ್ ಗರಿಗರಿಯಾಗಿದ್ದರೆ ಹೊಸ ಶೀಟು ಅಂಟಿಸಬಹುದು. ಸಂದಿಯ ಹತ್ತಿರ ಮುದುಡಿಕೊಂಡಿದ್ದರೆ ಇನ್ನೊಂದು ದಿನ ಬಾಗಿಲು ತೆರೆದಿಡಿ. ಮಿಕ್ಕಿದ ಡ್ರೈ ಐಸನ್ನು ಸಿಂಕಿಗೋ ಚರಂಡಿಗೋ ಸುರಿಯುವುದು ಬೇಡ, ಪೈಪು ಬಿರಿಯುತ್ತದೆ. ಮಕ್ಕಳು, ನಾಯಿ ಬಾರದ ಕಡೆ ಬಯಲಿನಲ್ಲಿ ಪೆಟ್ಟಿಗೆಯ ಬಾಯಿ ತೆರೆದಿಟ್ಟರೆ ಅದು ತಾನೇ ಹೋಗುತ್ತದೆ.