ಮಳೆ ರಜೆಯಲ್ಲಿ ಓದಿದ ಒಂದು ಸಾಲು

ಜುಲೈ ತಿಂಗಳು. ಮಳೆ ಜೋರು ಅಂತ ಕಾಲೇಜಿಗೆ ರಜೆ ಕೊಟ್ಟಿದ್ದರು. ಕೊಡಗಿನ ನಾಪೋಕ್ಲಿನ ನಮ್ಮ ಮನೆಯಲ್ಲಿ ಹಿಂದಿನ ರಾತ್ರಿಯಿಂದ ಕರೆಂಟ್ ಇರಲಿಲ್ಲ. ಒಲೆ ಮುಂದೆ ಕೂತಿದ್ದೆ. ಪಕ್ಕದ ಮನೆ ಅಕ್ಕ ಕೊಡೆ ಮಡಚುತ್ತಾ ಒಳಗೆ ಬಂದು ಫೋನ್ ಕೈಗೆ ಕೊಟ್ಟರು.

"ನೀನು ಅರೇಬಿಕ್ ಓದ್ತಾ ಇದ್ದೀಯಲ್ವಾ? ಇವ್ರು ಒಂದು ಕಾಗದ ಕಳಿಸಿದ್ದಾರೆ. ಕಂಪನಿಯವ್ರು ಇವತ್ತೇ ಸೈನ್ ಹಾಕು ಅಂತಿದ್ದಾರಂತೆ. ಏನಿದೆ ನೋಡು."

ಅವರ ಗಂಡ ಸೌದಿಯಲ್ಲಿ ಡ್ರೈವರ್. 7 ವರ್ಷ ದುಡಿದು, ಕಾಂಟ್ರಾಕ್ಟ್ ಮುಗಿಸಿ ಊರಿಗೆ ಹೊರಟಿದ್ದರು.

ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಮದರಸಕ್ಕೆ ಹೋಗಿ ಅರೇಬಿಕ್ ಓದುವುದನ್ನು ಕಲಿತಿದ್ದೆ. ಆದರೆ ಒಂದು ಮಾತಿನ ಅರ್ಥವೂ ಗೊತ್ತಿರಲಿಲ್ಲ. ಅರ್ಥ ಬೇಕು ಅಂತಲೇ ಡಿಗ್ರಿಯಲ್ಲಿ ಅರೇಬಿಕ್ ತಗೊಂಡೆ. 28 ಅಕ್ಷರದಿಂದ ಮತ್ತೆ ಶುರು. ಮೊದಲ ವರ್ಷ ಹೇಗೋ ಕಳೆಯಿತು. ಕಷ್ಟ ಶುರುವಾಗಿದ್ದು ಎರಡನೇ ವರ್ಷ, ಪತ್ರಿಕೆ ಓದಲು ಕೊಟ್ಟಾಗ. ಅದರಲ್ಲಿ ಹ್ರಸ್ವ ಸ್ವರದ ಗುರುತೇ ಇರುವುದಿಲ್ಲ. ಕನ್ನಡದಲ್ಲಿ ಕಾಗುಣಿತ ತೆಗೆದು ಬರೀ ಕ, ತ, ಬ ಅಂತ ಬರೆದರೆ ಹೇಗಿರುತ್ತೆ, ಹಾಗೆ. 'ಕತಬ್‌ತು' ಅಂದರೆ ನಾನು ಬರೆದೆ. 'ಕತಬ್‌ತ' ಅಂದರೆ ನೀನು ಬರೆದೆ. 'ಕತಬತ್' ಅಂದರೆ ಅವಳು ಬರೆದಳು. ಕಾಗದದ ಮೇಲೆ ಎಲ್ಲವೂ ಒಂದೇ.

ಅಕ್ಕನ ಫೋನಿನಲ್ಲಿದ್ದ ಕಾಗದವೂ ಹಾಗೇ ಇತ್ತು. ನಡುವಿನ ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಮೂರು ಪದ.

ಹೆಚ್ಚಿನ ಅರೇಬಿಕ್ ನಿಘಂಟುಗಳಲ್ಲಿ ಪದವನ್ನು ಇದ್ದ ಹಾಗೆ ಹುಡುಕಿದರೆ ಸಿಗುವುದಿಲ್ಲ. ಮುಂದೆ ಹಿಂದೆ ಸೇರಿದ್ದನ್ನು ಬಿಡಿಸಿ, ಸಾಮಾನ್ಯವಾಗಿ ಮೂರಕ್ಷರದ ಬೇರು ಹಿಡಿಯಬೇಕು. ಮೊದಲ ಪದದ ಶುರುವಿನಲ್ಲಿ 'ಇಸ್ತ' ಕಂಡಿತು. ಅದನ್ನೂ ಕೊನೆಯ ತ ಅಕ್ಷರವನ್ನೂ ತೆಗೆದರೆ ಲ, ಮ ಎರಡೇ ಉಳಿಯಿತು. ಎಲ್ಲೋ ತಪ್ಪಿದೆ. ಮತ್ತೆ ನೋಡಿದೆ. ಸ ಬೇರಿನದೇ ಅಕ್ಷರ, ನಡುವೆ ಸೇರಿಕೊಂಡಿದ್ದು ತ ಮಾತ್ರ. ಸ-ಲ-ಮ! ಸಲಾಂ ಹುಟ್ಟಿದ ಬೇರು. 'ಇಸ್ತಲಮ' ಅಂದರೆ ಕೈಗೆ ಪಡೆದುಕೊಳ್ಳುವುದು.

ಎರಡನೆಯದು 'ಜಮೀಅ', ಎಲ್ಲಾ ಅಂತ. ನಮ್ಮ ಬ್ಯಾಂಕಿನ 'ಜಮಾ' ಇದೇ ಬೇರಿನದು. ಮೂರನೆಯದು ಉದ್ದದ ಪದ, 'ಮುಸ್ತಹಕ್ಕಾತೀ'. ಇಲ್ಲಿ ಮಾತ್ರ 'ಮುಸ್ತ' ಪೂರ್ತಿ ಕಳಚಿತು. ಉಳಿದಿದ್ದು ಹ-ಕ-ಕ. ಹಕ್ಕು! ನಾವು ದಿನಾ ಆಡುವ ಹಕ್ಕು ಅರೇಬಿಕ್‌ನಿಂದಲೇ ಬಂದಿದ್ದು. ಕೊನೆಯ 'ಈ' ಅಂದರೆ ನನ್ನ. ಹಾಗಾದರೆ ಮೊದಲ ಪದದ ಕೊನೆಯೂ 'ತು', ನಾನು.

"ನನಗೆ ಬರಬೇಕಾದ ಎಲ್ಲಾ ಹಕ್ಕಿನ ಹಣ ನಾನು ಪಡೆದಿದ್ದೇನೆ."

"ಅಕ್ಕ, ದುಡ್ಡು ಬಂತಾ?"

"ಎಲ್ಲಿ! ಸೈನ್ ಹಾಕಿದ ಮೇಲೆ ಕೊಡ್ತಾರಂತೆ."

ಕೂಡಲೇ ಅವರ ಗಂಡನಿಗೆ ಫೋನ್ ಮಾಡಿಸಿದೆ. ಸಿಗ್ನಲ್ ಎರಡು ಸಲ ಹೋಯಿತು. ಮೂರನೇ ಸಲಕ್ಕೆ ಅಂಗಳದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು, ಅರ್ಥ ಹೇಳಿದೆ. ಸೌದಿ ಕಾನೂನಿನಲ್ಲಿ ಕಾಂಟ್ರಾಕ್ಟ್ ಮುಗಿಸಿ ಹೊರಡುವ ಕಂಪನಿ ಕೆಲಸಗಾರರಿಗೆ ಮೊದಲ 5 ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ತಿಂಗಳದ್ದು ಕೊಡಬೇಕು. ಅವರ 7 ವರ್ಷಕ್ಕೆ ನಾಲ್ಕೂವರೆ ತಿಂಗಳ ಸಂಬಳ. ಕಾಗದದಲ್ಲಿ ಮೊತ್ತವೇ ಇರಲಿಲ್ಲ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ದುಡ್ಡು ಬರ್ಲಿ, ಆಮೇಲೆ ಹಾಕ್ತೀನಿ" ಅಂದರು.

ಒಳಗೆ ಬಂದ ಮೇಲೆ ಅಕ್ಕ ಮತ್ತೆ ಫೋನ್ ತೆರೆದರು. "ಹಕ್ಕು ಅನ್ನೋದು ಎಲ್ಲಿದೆ, ತೋರ್ಸು." ನಾನು ಬೆರಳಿಟ್ಟು ತೋರಿಸಿದೆ. ಅವರು ಆ ಪದವನ್ನು ದೊಡ್ಡದು ಮಾಡಿ, ಒಲೆ ಬೆಳಕಲ್ಲಿ ತುಂಬಾ ಹೊತ್ತು ನೋಡುತ್ತಾ ಕೂತರು.

ಮೂರು ವಾರ ಬಿಟ್ಟು ಹಣ ಬಂತು. ಅವರು ಸೈನ್ ಹಾಕಿದ್ದು ಆ ಸಂಜೆ.