ಒಂದೇ ಕೃತಿ, ಎರಡು ವಯಸ್ಸು

ಹತ್ತೊಂಬತ್ತನೇ ಶತಮಾನದ ಜರ್ಮನ್ ಸಂಗೀತರಚನಕಾರ ಬ್ರಾಮ್ಸ್‌ನ ಪಿಯಾನೊ ಟ್ರಯೊಗಳ (ಪಿಯಾನೊ, ವಯಲಿನ್, ಚೆಲ್ಲೊ ಮೂರಕ್ಕೆ ಬರೆದ ಕೃತಿಗಳ) ವಿದ್ವತ್ ಸಂಪಾದಿತ ಆವೃತ್ತಿಯನ್ನು ತಿರುವಿಹಾಕುತ್ತಾ ಕುಳಿತಿದ್ದೇನೆ. ಓಪಸ್ 8, ಅಂದರೆ ಎಂಟನೇ ಸಂಖ್ಯೆಯ ಕೃತಿ, ಬಿ ಮೇಜರ್ ಶ್ರುತಿಯದು. ಇದನ್ನು ಬರೆದು ಮುಗಿಸಿದಾಗ ಅವನಿಗೆ ಬರೀ ಇಪ್ಪತ್ತು, 1854ರಲ್ಲೇ ಅಚ್ಚಾಯಿತು. ಮೂವತ್ತೈದು ವರ್ಷಗಳ ನಂತರ, 1889ರಲ್ಲಿ, ಅದನ್ನೇ ಮತ್ತೆ ಕೈಗೆತ್ತಿಕೊಂಡು ಮೊದಲ ಚಲನೆಯ (ಕೃತಿಯ ಒಂದೊಂದು ಖಂಡಕ್ಕೆ ಚಲನೆ ಎನ್ನುತ್ತಾರೆ) ಫ್ಯೂಗ್ ಮಾದರಿಯ, ಅಂದರೆ ಒಂದೇ ಎಳೆಯನ್ನು ವಾದ್ಯಗಳು ಒಂದರ ಹಿಂದೊಂದು ಹಿಡಿಯುವ ಭಾಗವನ್ನು ಕಿತ್ತುಹಾಕಿದ, ಹೊಸ ರಾಗಗಳನ್ನು ತಂದ, ಕೊನೆಯ ಚಲನೆಯನ್ನೂ ತಿದ್ದಿ ಕಟ್ಟಿದ. ಚೆಲ್ಲೊ ಒಂಟಿಯಾಗಿ ಶುರುಮಾಡುವ ಸ್ಕೆರ್ಟ್ಸೊ ಎಂಬ ಚುರುಕಾದ ಚಲನೆ ಮಾತ್ರ, ಅದರ ಕೊನೆಯೊಂದನ್ನು ಬಿಟ್ಟರೆ, ಹೆಚ್ಚುಕಡಿಮೆ ಹಾಗೇ ಉಳಿಯಿತು. ಅಷ್ಟಾಗಿಯೂ ಹಳೆಯದನ್ನು ಅವನು ಹಿಂತೆಗೆದುಕೊಳ್ಳಲಿಲ್ಲ.

ಸಂಪಾದಕರ ಶ್ರಮ ನಿಜವಾಗಿ ಕಾಣುವುದು ಇಂಥಲ್ಲೇ. ಹಸ್ತಪ್ರತಿ, ಮೊದಲ ಮುದ್ರಣ, ಪಾಠಾಂತರ ಎಲ್ಲವನ್ನೂ ಸ್ವರಸ್ವರವಾಗಿ ತಾಳೆ ನೋಡಬೇಕು. ತಾವು ಸೇರಿಸಿದ ಒಂದು ಸಣ್ಣ ಚುಕ್ಕೆಯನ್ನೂ ಕಂಸದೊಳಗಿಟ್ಟು, ಇದು ಬ್ರಾಮ್ಸ್‌ನದಲ್ಲ ಎಂದು ತೋರಿಸಬೇಕು. ಆ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದು.

ಪರಿಷ್ಕೃತ ರೂಪ ಹೆಚ್ಚು ಬಿಗಿಯಾಗಿದೆ, ಕಛೇರಿಗಳಲ್ಲಿ ನುಡಿಸುವುದೂ ಸಾಮಾನ್ಯವಾಗಿ ಅದನ್ನೇ. ಆದರೂ ಆ ಹುಡುಗನ ಧಾರಾಳತನ ನನಗೆ ಬೇಕು. ಐವತ್ತಾರರ ವಿವೇಕಕ್ಕೆ ಇಪ್ಪತ್ತರ ಉತ್ಸಾಹವನ್ನು ಅಳಿಸುವ ಹಕ್ಕು ಎಷ್ಟು? 1854ರ ರೂಪದ ಧ್ವನಿಮುದ್ರಣಗಳೂ ಸಿಗುತ್ತವೆ. ಬಿಡುವಿದ್ದಾಗ ಎರಡನ್ನೂ ಒಂದರ ಹಿಂದೊಂದು ಕೇಳಿ, ನಿಮಗೆ ಯಾವುದು ಹಿಡಿಸಿತು ತಿಳಿಸಿ.